ಮೈದುನನ ಮುದ್ರೆ, ಮಗಳ ವೀಸಾ

ದೇವರು ಮನುಷ್ಯರನ್ನು ಮಾಡಿ ಭೂಮಿಗೆ ಕಳಿಸುವ ಜಾಗದಲ್ಲಿ ನನ್ನ ಮೈದುನನನ್ನು ನೌಕರಿಗೆ ಇಟ್ಟುಕೊಂಡಿದ್ದರೆ ಇವತ್ತು ಈ ಲೋಕದಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ‘ಇವನ ಮೂಗು ಒಂದು ನೂಲು ಎಡಕ್ಕೆ ಐತಿ, ಇವಳ ಮೊಣಕಾಲು ಸಡಿಲ ಐತಿ’ ಎಂದು ಒಬ್ಬೊಬ್ಬರನ್ನೇ ವಾಪಸ್ ಕಳಿಸಿ, ಕೊನೆಗೆ ದೇವರಿಗೇ ‘ನಿಮ್ಮ ಕೈ ನಡಗಾಕ ಹತ್ತೈತ್ರಿ, ನಾಲ್ಕು ದಿನ ರಜಾ ತಗೋರಿ’ ಎಂದು ಹೇಳಿ ಬರುತ್ತಿದ್ದ. ಉತ್ಪ್ರೇಕ್ಷೆ ಅನ್ನಬೇಡಿ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಸುಳ್ಳನ್ನು ಚಂದ ಮಾಡಿ ಬರೆಯುವಷ್ಟು ವಿದ್ಯೆ ನನಗೆ ಬಂದಿಲ್ಲ.

ತಪ್ಪು ಅವನದಲ್ಲ, ಅವನ ನೌಕರಿಯೇ ಅಂಥದು. ನಾಸಿಕದ ಹತ್ತಿರ ಓಝರಿನಲ್ಲಿ ವಿಮಾನದ ಕಾರ್ಖಾನೆ ಆದಾಗ ಬೆಳಗಾವಿ ಕಡೆಯಿಂದ ಅಣ್ಣ ತಮ್ಮ ಇಬ್ಬರೂ ಬಂದು ಸೇರಿಕೊಂಡರು. ಅಣ್ಣ, ಅಂದರೆ ನಮ್ಮ ಯಜಮಾನರು, ಬಿಡಿಭಾಗ ಜೋಡಿಸುವವರು. ತಮ್ಮ, ಜೋಡಿಸಿದ್ದರಲ್ಲಿ ತಪ್ಪು ಹುಡುಕುವವನು. ಒಂದೇ ಕ್ವಾರ್ಟರ್ಸಿನಲ್ಲಿ ಇದ್ದು, ಒಂದೇ ಒಲೆಯ ಮೇಲೆ ಬೆಂದದ್ದನ್ನು ಉಂಡು, ಒಬ್ಬ ಕಟ್ಟುವುದು, ಇನ್ನೊಬ್ಬ ಬಿಚ್ಚಿಸುವುದು! ಮನೆ ಎಷ್ಟು ಶಾಂತವಾಗಿದ್ದೀತು, ನೀವೇ ಹೇಳಿ.

ಒಂದು ದಿನ ಅಣ್ಣ ಮಾಡಿದ ಕೆಲಸವನ್ನೇ ತಮ್ಮ ವಾಪಸ್ ಕಳಿಸಿದ. ಸಂಜೆ ಮನೆಗೆ ಬಂದ ಯಜಮಾನರು ಚಪ್ಪಲಿಯನ್ನೂ ಬಿಡಲಿಲ್ಲ.

“ಒಡಹುಟ್ಟಿದ ಅಣ್ಣ ಅಂತಾದರೂ ನೋಡಬಾರದಿತ್ತೇನೋ?”

“ಆ ವಿಮಾನದಾಗ ಕುಂಡ್ರಾಂವಗೂ ಒಬ್ಬ ಅಣ್ಣ ಇರತಾನಲ್ಲೋ ಅಣ್ಣಾ.”

ಮೂರು ದಿನ ಇಬ್ಬರಿಗೂ ಮಾತಿಲ್ಲ. ಮೊಣಕೈಗೆ ಮೊಣಕೈ ತಾಗಿಸಿಕೊಂಡು ಊಟಕ್ಕೆ ಕೂತು, “ನಿನ್ನ ಮೈದುನಗ ಹೇಳು, ಶೇಂಗಾ ಹಿಂಡಿ ಇತ್ತ ಸರಸಂತ” ಎಂದು ನನಗೆ ಹೇಳುವುದು. ನಾನು ಏನು ತಂತಿ ಕಚೇರಿಯೇ?

ಕಾರ್ಖಾನೆಯಲ್ಲಿ ಕೆಟ್ಟ ಸಾಮಾನಿಗೆ ಕೆಂಪು ಚೀಟಿ ಕಟ್ಟುತ್ತಾರಂತೆ, ರಿಪೇರಿ ಆಗಬೇಕಾದದ್ದಕ್ಕೆ ಹಳದಿ. ಈ ಪುಣ್ಯಾತ್ಮ ಅಂಗಡಿಯಿಂದ ಅಂಥವೇ ಬಣ್ಣದ ಕಾಗದ ತಂದು, ಕತ್ತರಿಸಿ, ಮನೆಗೂ ಅದೇ ಶಿಸ್ತು ತಂದ. ಕಿಟಕಿಯ ಅಗಳಿಗೆ ಹಳದಿ. ಬುಡ ಕರಗಿದ ತಂಬಿಗೆಗೆ ಕೆಂಪು. ಪಕ್ಕದ ಮನೆಯವರು ಮಾತಾಡಿಸಲು ಬಂದು ಬಾಗಿಲ ಬಳಿ ಇಟ್ಟ ಛತ್ರಿಗೂ ಕೆಂಪು! ಒಮ್ಮೆ ಸೊಂಟ ಹಿಡಿದುಕೊಂಡು ಮಲಗಿದ್ದೆ. ಎದ್ದು ನೋಡಿದರೆ ಮಂಚದ ಕಾಲಿಗೆ ಹಳದಿ ಚೀಟಿ ತೂಗುತ್ತಿದೆ.

“ಇದು ಮಂಚಕ್ಕ ಹಾಕೀಯೋ, ನನಗ ಹಾಕೀಯೋ?” ಎಂದು ಕೇಳಿದೆ.

“ಮಂಚಕ್ಕರೀ ವೈನಿ. ನಿಮಗ ಹಾಕಬೇಕಂದ್ರ ಅಣ್ಣನ ಸಹಿ ಬೇಕಾಗತೈತಿ.”

ನಗದೆಯೇ ಹೇಳಿದ. ಅವನು ನಕ್ಕಿದ್ದರೆ ಲಟ್ಟಣಿಗೆ ಎಸೆಯುತ್ತಿದ್ದೆ.

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಕೊಡಲು ಬಂದಿದ್ದರು ಕೂಡ. ನಿಪ್ಪಾಣಿಯಲ್ಲಿ ಹುಡುಗಿ ನೋಡಲು ಹೋದೆವು. ಹುಡುಗಿ ಬಂದಳು, ಅವಲಕ್ಕಿ ಕೊಟ್ಟಳು, ಹೋದಳು. ಹುಡುಗಿಯ ಅಪ್ಪ ಕೈ ಹೊಸೆಯುತ್ತ, “ಹೆಂಗ ಅನಿಸಿತ್ರಿ?” ಎಂದರು. ನನ್ನ ಮೈದುನ ಬಾಗಿಲ ಕಡೆ ನೋಡುತ್ತ, “ಅರ್ಧ ಇಂಚು ಇಳಿದೈತ್ರಿ. ಮ್ಯಾಲಿನ ಬಿಜಾಗರಿ ಬದಲಿ ಮಾಡ್ರಿ” ಎಂದ. ಹುಡುಗಿಯನ್ನು ನೋಡಿಯೇ ಇರಲಿಲ್ಲ! ಆ ಬಾಗಿಲಿನಿಂದಲೇ ನಾವು ಹೊರಗೆ ಬಂದೆವು. ಆಮೇಲೆ ಇನ್ನೊಂದು ಹೆಣ್ಣು ನೋಡುವ ಧೈರ್ಯ ನನಗೆ ಬರಲಿಲ್ಲ. ಅವನಿಗಂತೂ ಆ ನೆನಪೇ ಆಗಲಿಲ್ಲ.

ಹೆಂಡತಿಯ ಜಾಗದಲ್ಲಿ ಅವನಿಗೆ ಒಂದು ಮುದ್ರೆ ಇತ್ತು. ಕಾರ್ಖಾನೆಯವರೇ ಕೊಟ್ಟದ್ದು. ಹಿತ್ತಾಳೆಯ ಹಿಡಿಕೆ, ತ್ರಿಕೋನದ ಒಳಗೆ ಅವನದೊಂದು ನಂಬರು. ತಪಾಸಣೆ ಮಾಡಿದ ಸಾಮಾನಿನ ಕಾಗದದ ಮೇಲೆ ಅದು ಬಿತ್ತೆಂದರೆ, ‘ನಾನು ನೋಡಿದ್ದೇನೆ, ಏನಾದರೂ ಆದರೆ ನನ್ನ ಕುತ್ತಿಗೆ ಹಿಡಿಯಿರಿ’ ಎಂದು ಅರ್ಥ. ಅದನ್ನು ಮಸಿಯ ಪುಟ್ಟ ಡಬ್ಬಿಯ ಜೊತೆ ಚರ್ಮದ ಸಣ್ಣ ಚೀಲದಲ್ಲಿ ಹಾಕಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದ. ಸ್ನಾನಕ್ಕೆ ಹೋದರೆ ಬಚ್ಚಲದ ಗೂಡಿನಲ್ಲಿ. ಅಲ್ಲಿಯೂ ಅದಕ್ಕೆ ಬೆನ್ನು ತಿರುಗಿಸುತ್ತಿರಲಿಲ್ಲವೆಂದು ಯಜಮಾನರು ಹೇಳುತ್ತಿದ್ದರು.

ಇನ್ನು ನನ್ನ ಮಗಳ ವಿಷಯ. ಬೇಬಿ ಎಂದು ಕರೆಯುತ್ತಿದ್ದೆವು. ಔರಂಗಾಬಾದಿನಲ್ಲಿ (ಈಗ ಸಂಭಾಜಿನಗರ ಅನ್ನಬೇಕಂತೆ, ನನ್ನ ನಾಲಿಗೆ ಹಳೆಯದು) ಇಂಜಿನಿಯರಿಂಗ್ ಓದುತ್ತಿದ್ದಳು. ಗಂಡುಮಕ್ಕಳು ತುಂಬಿದ ಕಾಲೇಜಿನಲ್ಲಿ ಹುಡುಗಿಯರು ಇಬ್ಬರೇ. ಅವಳನ್ನು ಆ ದಾರಿಗೆ ಹಚ್ಚಿದವನೂ ಅವಳ ಕಾಕಾ, ಈ ನನ್ನ ಮೈದುನನೇ. ಮಕ್ಕಳಿಗೆ ಎಲ್ಲರೂ ಪೆಪ್ಪರಮಿಂಟು ತಂದರೆ ಇವನು ಅಳತೆಪಟ್ಟಿ ತಂದುಕೊಟ್ಟ ಆಸಾಮಿ.

ಅವಳು ಮೂರನೆಯ ವರ್ಷದಲ್ಲಿದ್ದಾಗ ಜರ್ಮನಿಯ ಒಂದು ಯಂತ್ರದ ಕಾರ್ಖಾನೆಯಿಂದ ಕಾಗದ ಬಂತು. ಆರು ತಿಂಗಳು ಅಲ್ಲಿ ಬಂದು ಕೆಲಸ ಕಲಿಯಬಹುದು, ಇರಲು ಜಾಗ, ಕೈಗೆ ಸ್ವಲ್ಪ ಭತ್ಯೆ ಕೊಡುತ್ತೇವೆ, ಆದರೆ ಹೇಳಿದ ದಿನಕ್ಕೆ ಹಾಜರಾಗದಿದ್ದರೆ ಆ ಜಾಗ ಬೇರೆ ವಿದ್ಯಾರ್ಥಿಗೆ ಹೋಗುತ್ತದೆ ಎಂದು. ಬೇಬಿ ಆ ಕಾಗದ ಹಿಡಿದುಕೊಂಡು ಮನ್ಮಾಡದಲ್ಲಿ ಗಾಡಿ ಬದಲಿಸಿ ಓಡಿ ಬಂದಳು.

“ಅಲ್ಲಿ ಹೋಗಿ ಏನ್ ಮಾಡ್ತೀ?” ಎಂದೆ.

“ಮಶೀನು ಬಿಚ್ಚಿ ಜೋಡಸ್ತೀನಿ ಅವ್ವಾ.”

“ಅಷ್ಟಕ್ಕ ಜರ್ಮನಿ ಯಾಕ ಬೇಕು? ನಿಮ್ಮಪ್ಪನ ಸೈಕಲ್ ಹಿತ್ತಲದಾಗ ಬಿದ್ದೈತಿ.”

“ಅವ್ವಾ, ಪ್ಲೀಸ್ ನಾ! ಇಂಥ ಚಾನ್ಸ್ ಪುನ್ಹಾ ಬರೂದಿಲ್ಲ.”

ಹುಡುಗಿಯ ಕಣ್ಣು ನೋಡಿದೆ. “ಹೋಗು” ಎಂದೆ. ನನಗೆ ಯಾರೂ ನಾಲ್ಕನೆಯ ಇಯತ್ತೆಗೆ ಹಾಜರಾಗು ಎಂದು ಕಾಗದ ಬರೆದಿರಲಿಲ್ಲ.

ಪಾಸ್‌ಪೋರ್ಟು, ಆಮೇಲೆ ವೀಸಾ. ಎರಡರ ಉಸ್ತುವಾರಿಯನ್ನೂ ನನ್ನ ಮೈದುನ ತನ್ನ ಮೇಲೆ ತೆಗೆದುಕೊಂಡ. “ಕಾಗದ ನನಗ ಬಿಡ್ರಿ. ಒಂದು ತಪ್ಪು ಇರಬಾರದು” ಎಂದ. ಅಲ್ಲಿಂದ ನಮ್ಮ ವನವಾಸ ಶುರುವಾಯಿತು ನೋಡಿ!

ಮೊದಲು ಫೋಟೋ. ನಾಸಿಕದ ಪೇಟೆಯ ಸ್ಟುಡಿಯೋಕ್ಕೆ ಮೂರು ಜನ ಹೋದೆವು. ಮೊದಲನೆಯ ಫೋಟೋದಲ್ಲಿ ಎಡಗಿವಿ ಹೆಚ್ಚು ಕಾಣುತ್ತದೆ. ಎರಡನೆಯದರಲ್ಲಿ ಬಲಗಿವಿ. ಮೂರನೆಯದರಲ್ಲಿ ಎರಡೂ ಸರಿ, ಆದರೆ ಒಂದಕ್ಕಿಂತ ಒಂದು ಮೇಲಿದೆಯಂತೆ! ಐದನೆಯ ಸಲಕ್ಕೆ ಫೋಟೋದವನು ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿದ.

“ಸಾಹೇಬ, ಕಾನ ದೇವಾನೇ ದಿಲೇ, ಮೀ ನಾಹಿ!” ಕಿವಿ ಕೊಟ್ಟವನು ದೇವರು, ನಾನಲ್ಲ ಎಂದು ಕೈ ಮುಗಿದ.

ಆಮೇಲೆ ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಪ್ಪ ಮನೆಗೆ ಬಂದ. ಹುಡುಗಿಯ ನಡತೆ ಹೇಗೆ, ಮನೆತನ ಎಂಥದು ಎಂದು ಕೇಳಿ ಬರೆದುಕೊಂಡು ಹೋಗುವುದು ಅವನ ಕೆಲಸ. ಕಾಲು ಗಂಟೆಯ ಮಾತು. ನನ್ನ ಮೈದುನ ಅವನ ಕೈಯ ಹಾಳೆ ಇಣುಕಿ ನೋಡಿದ.

“ಹವಾಲ್ದಾರ್ ಸಾಹೇಬ, ಎರಡನೇ ಸಾಲಿನಾಗ ತಾರೀಖು ಹಾಕಿಲ್ಲ. ಇಲ್ಲಿ ತಿದ್ದೀರಿ, ತಿದ್ದಿದ್ದಕ್ಕ ಸಹಿ ಇಲ್ಲ. ಹಿಂಗ ಹೋದ್ರ ಮ್ಯಾಲಿನವರು ನಿಮ್ಮನ್ನ ಕೇಳತಾರ.”

ಪಾಪ, ಆ ಮನುಷ್ಯ ಹೊಸ ಹಾಳೆ ತೆಗೆದು ಮೊದಲಿನಿಂದ ಬರೆದ. ಮೂರು ಸಲ. ನಾನು ಮೂರು ಸಲ ಚಹಾ ಮಾಡಿದೆ. ಕೊನೆಗೆ ಪೊಲೀಸಪ್ಪ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡು, “ವಹಿನಿ, ಆತಾ ಜಾಉ ಕಾ?” ಎಂದು ಹೊರಡಲು ನನ್ನ ಅಪ್ಪಣೆ ಕೇಳಿದ. ಪೊಲೀಸರು ಮನೆಗೆ ಬಂದು, ಬಿಟ್ಟುಬಿಡಿ ಎಂದು ಬೇಡಿಕೊಂಡದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಔರಂಗಾಬಾದಿನ ಕಾಲೇಜಿನಲ್ಲಿ ಇನ್ನೊಂದು. ಬೇಬಿ ಅಲ್ಲಿಯ ವಿದ್ಯಾರ್ಥಿನಿ ಎಂದು ಕಾರಕೂನ ಒಂದು ಸರ್ಟಿಫಿಕೇಟು ಬರೆದು, ಠಪ್ಪೆಂದು ಗುಂಡು ಮುದ್ರೆ ಹೊಡೆದ. ಮೇಲಿನ ಅರ್ಧ ಮೂಡಿತು, ಕೆಳಗಿನದು ಇಲ್ಲ. ಮೈದುನನಿಗೆ ಎದೆಯ ಮೇಲೆ ಹೊಡೆದ ಹಾಗೆ ಆಯಿತಂತೆ. ಅದರ ಮೇಲೆಯೇ ಇನ್ನೊಮ್ಮೆ ಒತ್ತಿಸಿದ. ಜೋಡು ಚಂದ್ರ! ಹೊಸ ಕಾಗದ, ಹೊಸ ಮುದ್ರೆ. ಮಸಿ ಹೆಚ್ಚಾಯಿತು. ಮತ್ತೆ ಹೊಸ ಕಾಗದ. ನಾಲ್ಕನೆಯದಕ್ಕೆ ಕಾರಕೂನ ಮುದ್ರೆ, ಮಸಿಯ ಡಬ್ಬಿ ಎರಡನ್ನೂ ಇವನ ಮುಂದೆ ತಳ್ಳಿದ.

“ಘ್ಯಾ ಸಾಹೇಬ, ತುಮ್ಹೀಚ್ ಮಾರಾ!” ತಗೊಳ್ಳಿ, ನೀವೇ ಹೊಡೆಯಿರಿ!

ಇವನು ನಾಚಿಕೆ ಪಡಬೇಕೋ ಬೇಡವೋ? ತೋಳು ಮಡಚಿ, ಉಸಿರು ಹಿಡಿದು, ಒತ್ತಿಯೇ ಬಿಟ್ಟ. ಅಕ್ಷರ ಅಕ್ಷರ ಎಣಿಸಬಹುದಿತ್ತು. ಕಾರಕೂನನೂ ಕನ್ನಡಕ ಏರಿಸಿ ನೋಡಿ “ವಾ!” ಎಂದನಂತೆ. ಬೇಬಿ ಮಾತ್ರ ಕಂಬದ ಹಿಂದೆ ನಿಂತು, “ಮೀ ಯಾಂಚಿ ಕೋಣೀ ನಾಹಿ” ಎಂದು ಗೆಳತಿಗೆ ಹೇಳುತ್ತಿದ್ದಳಂತೆ. ಇವರಿಗೂ ನನಗೂ ಸಂಬಂಧವಿಲ್ಲ!

ಅಂತೂ ಪಾಸ್‌ಪೋರ್ಟು ಕೈಗೆ ಬಂತು. ವೀಸಾದ ಅರ್ಜಿಯೂ ತಯಾರಾಯಿತು. ಒಂದು ಭಾನುವಾರ ತಿಂಡಿ ತಿಂದ ಮೇಲೆ ಕೈ ತೊಳೆದು, ನೆಲದ ಮೇಲೆ ಬಿಳಿ ಧೋತರ ಹಾಸಿ, ಎಲ್ಲ ಹಾಳೆಗಳನ್ನು ಹರವಿ ಕೂತ. ಅರ್ಜಿ, ಜರ್ಮನಿಯ ಕಾಗದ, ಕಾಲೇಜಿನ ಸರ್ಟಿಫಿಕೇಟು, ದೇವಿ ಹಾಕಿಸಿಕೊಂಡ, ಅಂದರೆ ಸಿಡುಬಿನ ಲಸಿಕೆಯ ಚೀಟಿ, ಎಲ್ಲ. ಮಧ್ಯಾಹ್ನದ ಊಟದ ತನಕ ನೋಡಿದ. ಆಮೇಲೆ ಲಕೋಟೆಗೆ ಅಂಟು ಹಚ್ಚಿ, ಮುಂಬೈಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ ಬಂದು, “ಇನ್ನ ಯಾರೂ ಬೆರಳು ಮಾಡಿ ತೋರಸೂವಂಗಿಲ್ಲ” ಎಂದ.

ಹದಿನೈದು ದಿನಕ್ಕೆ ಬೆರಳು ಮಾಡಿ ತೋರಿಸಿದರು!

ಮುಂಬೈಯ ವೀಸಾ ಕಚೇರಿಯಿಂದ ಬಂದ ಕಾಗದವನ್ನು ಬೇಬಿ ಓದಿ ಹೇಳಿದಳು. ‘ನೀವು ಕಳಿಸಿದ ಪ್ರತಿಯೊಂದು ಹಾಳೆಯ ಬಲಮೂಲೆಯಲ್ಲಿ, ತ್ರಿಕೋನದೊಳಗೆ ಅಂಕಿ ಇರುವ ಒಂದು ಮುದ್ರೆ ಇದೆ. ಇದು ಯಾವ ಕಚೇರಿಯದು? ಯಾವ ಅಧಿಕಾರದಿಂದ ಹಾಕಿದ್ದು? ಆ ಕಚೇರಿಯಿಂದಲೇ ಉತ್ತರ ಬರುವ ತನಕ ಅರ್ಜಿಯನ್ನು ತಡೆದಿದ್ದೇವೆ.’

ನಾವು ಮೂವರೂ ಅವನ ಕಡೆ ತಿರುಗಿದೆವು. ಅವನ ಕೈ ತಾನಾಗಿಯೇ ಕಿಸೆಯ ಮೇಲೆ ಹೋಗಿತ್ತು.

“ಒತ್ತೀಯೇನು?” ಎಂದು ಯಜಮಾನರು ಕೇಳಿದರು.

“ಒತ್ತಿರಬೇಕು.”

“ಎಲ್ಲಾದರ ಮ್ಯಾಲೂ?”

“ತಪಾಸಣಿ ಮಾಡಿದ ಕಾಗದಕ್ಕ ಮುದ್ರಿ ಒತ್ತದ ಹೆಂಗ ಬಿಡೂದು ಅಣ್ಣಾ? ನನಗ ಒತ್ತಿದ್ದ ನೆನಪ ಇಲ್ಲ. ಕೈ ಒತ್ತಿ ಬಿಟ್ಟೈತಿ.”

ಹತ್ತು ವರ್ಷ ನೋಡುವುದು, ಒತ್ತುವುದು, ನೋಡುವುದು, ಒತ್ತುವುದು ಮಾಡಿದ ಕೈ! ಕಣ್ಣು ನೋಡಿ ಮುಗಿಸಿದ ಕೂಡಲೇ ಕೈ ತನ್ನ ಕೆಲಸ ಮಾಡಿತ್ತು. ಲೋಕದ ತಪ್ಪು ಹುಡುಕುವವನಿಗೆ ತನ್ನ ಕೈ ಕಾಣಲಿಲ್ಲ.

“ಹೊಸಾ ಅರ್ಜಿ ಬರದು ಕಳಸ್ರಿ. ಅದರಾಗೇನೈತಿ?” ಎಂದೆ ನಾನು.

ಆಗುವುದಿಲ್ಲವಂತೆ. ಅರ್ಜಿ ಹೊಸದು ಬರೆಯಬಹುದು. ಜರ್ಮನಿಯಿಂದ ಬಂದ ಅಸಲು ಕಾಗದದ ಮೇಲೂ ಮುದ್ರೆ ಬಿದ್ದಿದೆಯಲ್ಲ? ಅದನ್ನು ಮತ್ತೆ ತರಿಸುವಷ್ಟು ದಿನ ಉಳಿದಿರಲಿಲ್ಲ. ಹಾಜರಾಗಲು ಇನ್ನು ಮೂರು ವಾರ. ಬೇಬಿ ಅಳಲಿಲ್ಲ, ನನ್ನ ಮಗಳು. “ಜಾಉ ದೇ, ಬಿಡ್ರಿ ಕಾಕಾ. ಜಾಗಾ ಬ್ಯಾರೇದವರಿಗೆ ಹೋಗತೈತಿ, ಅಷ್ಟೇ” ಎಂದು ಹೇಳಿ ಹಿತ್ತಲಕ್ಕೆ ಹೋಗಿ, ಒಣಗದ ಬಟ್ಟೆಗಳನ್ನೆಲ್ಲ ತೆಗೆದುಕೊಂಡು ಬಂದಳು.

ಯಜಮಾನರು ಒಂದು ದಾರಿ ಹೇಳಿದರು. “ಹುಡುಗಿ ಆಟಕ್ಕ ಒತ್ತ್ಯಾಳ ಅಂತ ಬರದು ಬಿಡು. ಮುದ್ರಿ ಯಾವುದೂ ಅಂತ ಅವರಿಗೇನ ಗೊತ್ತು?”

“ಅಂದ್ರ ಆಕಿ ಮ್ಯಾಲೆ ಸುಳ್ಳು ಹೊರಸಿ, ಆಕಿನ್ನ ಕಳಸೂದು?”

“ಮತ್ತ ಏನ್ ಮಾಡ್ತೀ?”

ಅವನು ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ. ಸಂಜೆ ಬರುವಾಗ ಕೈಯಲ್ಲಿ ಒಂದು ಕಾಗದ ಇತ್ತು. ಆ ಮುದ್ರೆ ನಮ್ಮಲ್ಲಿಯ ಒಬ್ಬ ನೌಕರನದು, ಮನೆಯ ಕಾಗದಗಳ ಮೇಲೆ ತಪ್ಪಿನಿಂದ ಒತ್ತಿದ್ದಾನೆ, ಹುಡುಗಿಗೂ ನಮ್ಮ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಅವನ ಮೇಲಧಿಕಾರಿ ಬರೆದುಕೊಟ್ಟಿದ್ದರು. ಬೇಬಿ ಅದನ್ನು ಹಿಡಿದುಕೊಂಡು ಅಪ್ಪನ ಜೊತೆ ಮುಂಬೈ ಗಾಡಿ ಹತ್ತಿದಳು.

‘ಇಷ್ಟು ಸಲೀಸು ಇದ್ದದ್ದಕ್ಕೆ ಮನೆಯನ್ನೆಲ್ಲ ಹೆದರಿಸಿದ’ ಎಂದು ನಾನು ಬೈದುಕೊಂಡೆ.

ಆದರೆ ಅವತ್ತಿನಿಂದ ಮನೆಯಲ್ಲಿ ಏನೋ ಕಡಿಮೆ ಆಯಿತು. ಏನು ಎಂದು ಹೊಳೆಯಲು ನನಗೆ ಮೂರು ದಿನ ಬೇಕಾಯಿತು. ಮೈದುನ ಯಾವುದರಲ್ಲೂ ತಪ್ಪು ತೆಗೆಯುತ್ತಿಲ್ಲ! ಕ್ಯಾಲೆಂಡರು ಸೊಟ್ಟ ತೂಗುತ್ತಿದೆ, ಅದರ ಕೆಳಗೇ ದಾಟಿ ಹೋಗುತ್ತಾನೆ. ಹಾಲು ಅಡಿ ಹತ್ತಿದೆ, ಕುಡಿದು ಲೋಟ ತೊಳೆದಿಡುತ್ತಾನೆ. ಹತ್ತು ವರ್ಷ ‘ಇವನ ಬಾಯಿ ಒಂದು ದಿನ ಮುಚ್ಚಲಿ’ ಎಂದು ದೇವರಿಗೆ ಹೇಳಿಕೊಂಡವಳು ನಾನು. ಮುಚ್ಚಿದ ಮೇಲೆ ಮನೆ ಸತ್ತ ಮನೆಯ ಹಾಗೆ ಕಾಣತೊಡಗಿತು. ನಾಲ್ಕನೆಯ ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಪೂರಾ ಉಂಡು ಎದ್ದ.

“ಏ, ನಿಂದ್ರು. ಸಾರಿಗೆ ಉಪ್ಪು ಇರಲಿಲ್ಲ, ಗೊತ್ತಾಗಲಿಲ್ಲೇನು?”

“ಗೊತ್ತಾತ್ರಿ ವೈನಿ.”

“ಮತ್ತ ಬಾಯಿ ಯಾಕ ಬಿಡಲಿಲ್ಲ?”

“ಮುದ್ರಿ ಇಲ್ಲದಾಂವ ಹೇಳಬಾರದ್ರಿ.”

ಆಗ ಹೊರಗೆ ಬಂತು ವಿಷಯ. ಆ ಕಾಗದ ಪುಕ್ಕಟೆ ಬಂದಿರಲಿಲ್ಲ. ಮುದ್ರೆಯನ್ನು ಹೊರಗಿನ ಕೆಲಸಕ್ಕೆ ಬಳಸಿದ್ದೇನೆ ಎಂದು ಇವನು ತಾನೇ ಬರೆದುಕೊಡಬೇಕಾಯಿತು. ಬರೆದುಕೊಟ್ಟ ಮೇಲೆ ಕಾಯದೆ ಪ್ರಕಾರ ಮುದ್ರೆ ವಾಪಸ್ ತೆಗೆದುಕೊಂಡರು. ಈಗ ಇವನನ್ನು ಹತಾರಿನ ಕೋಣೆಯಲ್ಲಿ ಕೂಡಿಸಿದ್ದಾರಂತೆ. ಬಂದವರಿಗೆ ಪಾನಾ, ಸುತ್ತಿಗೆ ಕೊಡುವುದು, ಸಂಜೆ ತಿರುಗಿ ಇಸಿದುಕೊಳ್ಳುವುದು. ಮೇಲಧಿಕಾರಿ ಒಳ್ಳೆಯವರು, ‘ಸ್ವಲ್ಪ ದಿನ ಹೋಗಲಿ’ ಎಂದಿದ್ದಾರಂತೆ. ಎಷ್ಟು ದಿನ ಎಂದು ಅವರೂ ಹೇಳಿಲ್ಲ, ಇವನೂ ಕೇಳಿಲ್ಲ. ಅಣ್ಣನ ಬಾಯಿಗೆ ಮೊದಲೇ ಬೀಗ ಹಾಕಿಸಿದ್ದ.

“ಬೇಬಿಗೆ ಹೇಳಬ್ಯಾಡ್ರಿ. ಹೋಗೂ ಹುಡುಗಿ, ತಲಿಯಾಗ ಇದನ್ನ ಹೊತ್ತಗೊಂಡು ಹೋಗತಾಳ.”

ನಾನು ಹೇಳಲಿಲ್ಲ ಎಂದು ಇಲ್ಲಿ ಬರೆದರೆ ನಾನು ದೊಡ್ಡವಳಾಗುತ್ತೇನೆ. ಹೇಳಿದೆ. ಬೇಬಿ ಮುಂಬೈಯಿಂದ ಬಂದು ಹೊಸಿಲು ದಾಟುತ್ತಿದ್ದಂತೆಯೇ ಹೇಳಿದೆ. ಯಾರು ಏನು ಕೊಟ್ಟರು ಎನ್ನುವುದು ತೆಗೆದುಕೊಂಡವರಿಗೆ ಗೊತ್ತಿರಬೇಕು.

ವೀಸಾ ಸಿಕ್ಕಿತ್ತು. ಎರಡು ದಿನ ಬಿಟ್ಟು ಹೊರಡುವುದು. ಬೇಬಿ ಪಾಸ್‌ಪೋರ್ಟು ತೆಗೆದುಕೊಂಡು ಕಾಕಾನ ಮುಂದೆ ಹೋಗಿ ನಿಂತಳು.

“ನೋಡ್ರಿ ಕಾಕಾ, ಬರೋಬರ ಐತೇನು.”

“ಅಪ್ಪಗ ತೋರಸು.”

“ಅಪ್ಪ ನೋಡ್ಯಾರ. ನೀವು ನೋಡ್ರಿ.”

“ನಾ ನೋಡಿದ್ದಕ್ಕ ಈಗ ಕಿಮ್ಮತ್ತಿಲ್ಲ ಬೇಬಿ.”

“ನೀವು ನೋಡದ ನಾ ಹೋಗೂದಿಲ್ಲ. ಖರೇನ ಹೋಗೂದಿಲ್ಲ.”

ಇಬ್ಬರೂ ಮೊಂಡರು. ಹೀಗೇ ನಿಂತರೆ ವಿಮಾನ ಹೋಗುತ್ತದೆ, ಇವರು ಇಲ್ಲೇ ಇರುತ್ತಾರೆ. ನಾನು ಒಲೆಯ ಮುಂದಿನಿಂದ ಎದ್ದು ಬಂದೆ.

“ಏನೋ, ಅವರು ಇಸಗೊಂಡದ್ದು ಹಿತ್ತಾಳಿ ತುಂಡು. ಕಣ್ಣೂ ಕಿತ್ತುಕೊಟ್ಟು ಬಂದೀಯೇನು? ಹಿಡಿ ಅದನ್ನ. ನೋಡು.”

ಅವನು ಕೈ ತೊಳೆದು ಬಂದ. ಕಿಟಕಿಯ ಹತ್ತಿರ ಕೂತ. ರಟ್ಟಿನಿಂದ ಶುರು ಮಾಡಿದ. ಹೆಸರು, ಊರು, ತಾರೀಖು. ಏನೂ ಬರೆಯದ ಖಾಲಿ ಹಾಳೆಗಳನ್ನೂ ಬಿಡದೆ ಒಂದೊಂದಾಗಿ ಬೆಳಕಿಗೆ ಹಿಡಿದ. ವೀಸಾದ ಹಾಳೆ ಬಂದಾಗ ಬಹಳ ಹೊತ್ತು ತಲೆ ಎತ್ತಲಿಲ್ಲ. ನಾವು ಅವನ ಮೇಜಿನ ಮೇಲಿಟ್ಟ ಸಾಮಾನುಗಳ ಹಾಗೆ ನಿಂತಿದ್ದೆವು. ಒಲೆಯ ಮೇಲೆ ನನ್ನ ಪಲ್ಲೆ ಸೀಯುತ್ತಿತ್ತು. ಯಾರೂ ಅಲುಗಲಿಲ್ಲ.

“ಬರೋಬರ ಐತಿ” ಎಂದ. “ಹೋಗಿ ಬಾ.”

ಬೇಬಿ ಪಾಸ್‌ಪೋರ್ಟನ್ನು ಎದೆಗೆ ಒತ್ತಿಕೊಂಡು ಟ್ರಂಕು ತುಂಬಲು ಒಳಗೆ ಓಡಿದಳು. ಯಜಮಾನರು ಹೊರಗೆ ಹೋದರು. ಅವನು ಕಿಟಕಿಯ ಕಡೆಗೆ ಮುಖ ಮಾಡಿ ಹಾಗೆಯೇ ಕೂತಿದ್ದ. ಕೂದಲಿನ ದಪ್ಪವನ್ನು ಹತ್ತು ಭಾಗ ಮಾಡಿ ಅಳೆಯುವ ಮನುಷ್ಯ, ಮೂರನೆಯ ಇಯತ್ತೆಯ ನನ್ನನ್ನು ಕೇಳಿದ:

“ವೈನಿ, ಆರು ತಿಂಗಳಂದ್ರ ಎಷ್ಟು ದಿನ ಆಗತಾವ್ರಿ?”

“ಭಾಳ ಇಲ್ಲ ತಗೋ” ಎಂದೆ.